ಕುಂಡದಾಗಿನ ಲಿಂಬಿಗಿಡ, ತಳದಾಗಿನ ತೂತು



ಹೆಸರಿನ ರಾಶಿ ಮುಗೀತು. ಹಿಂಗಾರಿಗೆ ಹೊಲ ಹದ ಮಾಡೋಣ ಅಂದ್ರ ಮಳಿ ಬಿಡವಲ್ದು. ಯರಿ ಹೊಲದಾಗ ಕಾಲಿಟ್ಟರ ಚಪ್ಪಲಿ ಅಲ್ಲೇ ಉಳೀತೈತಿ. ಮನ್ಯಾಗ ಕೂತ ಹೊತ್ತಿನಾಗ ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದನ್ನ ಬರೆದೀನಿ. ಈ ಸಲ ಬೆಳೆಯ ಖರ್ಚು-ಲಾಭದ ಲೆಕ್ಕ ಅಲ್ಲ, ಇತಿಹಾಸ. ಆದ್ರ ಕೊನೀಗೆ ನಮ್ಮ ಹೊಲಕ್ಕೇ ಬಂದು ಮುಟ್ತೈತಿ. ಸಾವಕಾಶ ಓದ್ರಿ.

ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಮಣ್ಣಿನ ಕುಂಡ ಇದೆ. ಅದರಲ್ಲಿ ಎರಡು ಫೂಟು ಎತ್ತರದ ಒಂದು ಗಿಡ. ಎಲೆ ಲಿಂಬಿಯಂಥದೇ. ಹಣ್ಣು ಪೇಡೆಯಷ್ಟು ದೊಡ್ಡದು, ಬಣ್ಣ ಕಿತ್ತಳೆಯದು. ಸಿಪ್ಪೆ ತೆಳ್ಳಗೆ, ಬಾಯಿಗೆ ಸ್ವಲ್ಪ ಸಿಹಿ. ಒಳಗಿನ ರಸ ಮಾತ್ರ ಕಣ್ಣು ಮುಚ್ಚಿಸುವಷ್ಟು ಹುಳಿ. ನರ್ಸರಿಯವರು ಇದಕ್ಕೆ ಚೈನಾ ಆರೆಂಜ್ ಅಂತಾರೆ. ಪುಸ್ತಕದಲ್ಲಿ ಕ್ಯಾಲಮಂಡಿನ್ ಅಂತ ಹೆಸರು. ಎರಡು ವರ್ಷದ ಹಿಂದೆ ಮಗಳು ಧಾರವಾಡದಿಂದ ತಂದಳು.

ಬಾಜೂ ಮನೆಯ ಕಾಕಾ ಅದನ್ನು ನೋಡಿ, "ಏನೋ ತಮ್ಮಾ, ಹದಿನಾರು ಎಕರೆ ಹೊಲ ಇಟ್ಟಕೊಂಡು ಗಡಗ್ಯಾಗ ಗಿಡ ಬೆಳಸಾಕ ಹತ್ತೀಯಲ್ಲ? ಪ್ಯಾಟಿ ಮಂದಿ ಶೋಕಿ ನಿನಗ್ಯಾಕ ಬೇಕಪಾ?" ಅಂದರು. ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಕುಂಡದಲ್ಲಿ ಲಿಂಬಿ ಜಾತಿಯ ಗಿಡ ಬೆಳೆಸೋದು ನಿಜವಾಗಲೂ ಪ್ಯಾಟಿ ಶೋಕಿ ಏನು? ಹುಡುಕಿಕೊಂಡು ಹೋದೆ. ಸಿಕ್ಕದ್ದನ್ನು ಇಲ್ಲಿ ಇಟ್ಟೀನಿ.

ಅದಕ್ಕೂ ಮುಂಚೆ ನನ್ನ ತಪ್ಪು ಹೇಳಿಬಿಡ್ತೀನಿ.

ಸತ್ತ ಮೂರು ಗಿಡ

ನಮ್ಮ ಹಿತ್ತಲದಾಗ ಅವ್ವ ಹಚ್ಚಿದ ಒಂದು ಲಿಂಬಿಗಿಡ ಇತ್ತು. ಬಿದ್ದ ಹಳೇ ಮನೆಯ ಮಣ್ಣಿನ ದಿಬ್ಬದ ಮೇಲೆ ಇಪ್ಪತ್ತು ವರ್ಷ ನಿಂತಿತ್ತು. ಓಣಿಯ ಉಪ್ಪಿನಕಾಯಿ, ಅಮಾವಾಸಿಗೆ ಗಾಡಿಗೆ ಕಟ್ಟೋ ಕಾಯಿ, ಬಾಣಂತಿಯರ ಸಾರಿಗೆ ಎರಡು ಹನಿ ಎಲ್ಲ ಅದರದೇ. 2019ರ ಆಗಸ್ಟ್ ಮಳೆ ನೆನಪೈತಲ್ರಿ? ಬೆಣ್ಣಿಹಳ್ಳ ತುಂಬಿ ಬಂದಾಗ ನಮ್ಮ ಹಿತ್ತಲದಾಗ ಎಂಟು ದಿನ ನೀರು ನಿಂತಿತು. ನೀರು ಇಳಿದ ಮೇಲೆ ಗಿಡ ಹಸಿರಾಗಿಯೇ ಕಾಣ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಎಲೆ ಹಳದಿಯಾಗಿ ಉದುರಿದವು. ಬೇರಿನ ಸಿಪ್ಪೆ ಕೈಯಲ್ಲಿ ಹಿಡಿದರೆ ಕಳಚಿ ಬರ್ತಿತ್ತು.

ಅವ್ವ ಬೇಜಾರಾದಳು ಅಂತ ಮರುವರ್ಷ ಎರಡು ಸಸಿ ತಂದು ಹೊಲದ ಬದುವಿನ ಹತ್ತಿರ ಹಚ್ಚಿದೆ. ಯರಿ ನೆಲ, ಫಲವತ್ತು ನೆಲ, ಹತ್ತಿ ಮೆಣಸಿನಕಾಯಿ ಬೆಳೆಯೋ ನೆಲ, ಲಿಂಬಿ ಬರದೇ ಏನು ಅಂತ ನನ್ನ ಸೊಕ್ಕು. ಎರಡು ಫೂಟು ತಗ್ಗು ತೆಗೆದು, ಗೊಬ್ಬರ ಹಾಕಿ ಹಚ್ಚಿದೆ. ಎರಡು ಮಳೆಗಾಲದಾಗ ಎರಡೂ ಹೋದವು. ಸಸಿ ಕೊಟ್ಟವರನ್ನು ಬೈದೆ. ತಪ್ಪು ಅವರದಲ್ಲ, ನಂದು. ಯರಿ ಮಣ್ಣಿನಾಗ ತೆಗೆದ ತಗ್ಗು ಅಂದ್ರ ತೂತಿಲ್ಲದ ಬಕೆಟ್ ಇದ್ದಂಗ ಅನ್ನೋದು ನನಗೆ ಆಗ ತಿಳಿದಿರಲಿಲ್ಲ.

ಈ ತೂತಿನ ಮಾತು ನೆನಪಿಟ್ಟುಕೊಳ್ರಿ. ಇಡೀ ಇತಿಹಾಸ ಅದರ ಮ್ಯಾಲೇ ನಿಂತೈತಿ.

2,300 ವರ್ಷದ ಹಿಂದಿನ ತೂತು

ಅಲೆಕ್ಸಾಂಡರ್ ದಂಡೆತ್ತಿ ನಮ್ಮ ಸಿಂಧೂ ನದಿಯ ತನಕ ಬಂದದ್ದು ಶಾಲೆಯಲ್ಲಿ ಓದೀವಿ. ಆ ದಂಡಿನ ಜೊತೆ ಹೋದವರು ಪರ್ಷಿಯಾ, ಮೀಡಿಯಾ ಸೀಮೆಯಲ್ಲಿ ಕಂಡ ಗಿಡಮರಗಳ ಸುದ್ದಿಯನ್ನೂ ಗ್ರೀಸಿಗೆ ತಂದರು. ಅಲ್ಲಿ ಥಿಯೋಫ್ರಾಸ್ಟಸ್ ಅಂತ ಒಬ್ಬ ಪಂಡಿತ ಇದ್ದ, ಅರಿಸ್ಟಾಟಲನ ಶಿಷ್ಯ. ಸುಮಾರು ಕ್ರಿ.ಪೂ. 300ರ ಹೊತ್ತಿಗೆ ಗಿಡಮರಗಳ ಮೇಲೆ ದೊಡ್ಡ ಗ್ರಂಥ ಬರೆದ. ಅದರಲ್ಲಿ ‘ಮೀಡಿಯಾದ ಸೇಬು’ ಅಂತ ಒಂದು ಮುಳ್ಳಿನ ಗಿಡದ ವರ್ಣನೆ ಇದೆ. ಹಣ್ಣು ತಿನ್ನೋದಿಲ್ಲ, ಆದರೆ ಹಣ್ಣಿಗೂ ಎಲೆಗೂ ಒಳ್ಳೆ ವಾಸನೆ, ಬಟ್ಟೆಯ ನಡುವೆ ಇಟ್ಟರೆ ನುಸಿ ತಿನ್ನೋದಿಲ್ಲ, ವಿಷಕ್ಕೆ ಔಷಧ ಅಂತಾನೆ. ಇದು ನಮ್ಮ ಮಾದಳ.

ಆ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮೂರು ಮಾತು ಅದಾವು.

ಒಂದು: ಈ ಗಿಡ ವರ್ಷವಿಡೀ ಕಾಯಿ ಬಿಡುತ್ತದೆ. ಕೆಲವು ಹಣ್ಣು ಕೀಳುವಾಗ ಕೆಲವು ಕಾಯಿ, ಇನ್ನೂ ಕೆಲವು ಹೂವು ಅದೇ ಗಿಡದಲ್ಲಿ ಇರುತ್ತವೆ. ನಮ್ಮ ಕಟ್ಟೆಯ ಗಿಡದಲ್ಲೂ ಇವತ್ತು ಹಂಗೇ ಐತಿ. ಈ ಜಾತಿಯ ಗಿಡಗಳನ್ನು ಜನ ಅಂದಕ್ಕಾಗಿ ಇಟ್ಟುಕೊಳ್ಳೋದಕ್ಕೆ ಇದೇ ಮೊದಲ ಕಾರಣ.

ಎರಡು: ಹೂವಿನ ನಡುವೆ ನೂಲು ಸುತ್ತುವ ಕೋಲಿನಂಥ ಕಡ್ಡಿ ಎದ್ದಿದ್ದರೆ ಆ ಹೂವು ಕಾಯಿ ಕಟ್ಟುತ್ತದೆ, ಇಲ್ಲದಿದ್ದರೆ ಇಲ್ಲ. ನೀವು ನಾಳೆ ಬೆಳಿಗ್ಗೆ ನಿಮ್ಮ ಲಿಂಬಿಗಿಡದ ಹೂವು ಬಿಡಿಸಿ ನೋಡ್ರಿ. ಕೆಲವು ಹೂವಿನಾಗ ನಡುವಿನ ಆ ಕಡ್ಡಿ ಇರೋದಿಲ್ಲ. ಅವು ಉದುರೋವೇ. ಹೂವು ಉದುರಿತು ಅಂತ ಔಷಧ ಹೊಡೆಯೋಕೆ ಓಡೋದಕ್ಕಿಂತ ಮೊದಲು ಇದನ್ನು ನೋಡಬೇಕು. ಇಷ್ಟು ಸೂಕ್ಷ್ಮ ಅವರು ಕಣ್ಣಿನಿಂದಲೇ ಕಂಡಿದ್ದರು.

ಮೂರು: ಇದನ್ನು ಖರ್ಜೂರದ ಸಸಿಯ ಹಾಗೆ ತೂತು ಇರುವ ಗಡಿಗೆಯಲ್ಲಿಯೂ ಬೆಳೆಸುತ್ತಾರೆ ಅಂತ ಬರೆದಿದ್ದಾನೆ. ತೂತಿನ ಗಡಿಗೆ! ಕುಂಡದಲ್ಲಿ ಹಣ್ಣಿನ ಗಿಡ ಬೆಳೆಸುವ ಮಾತು ಇಷ್ಟು ಹಳೆಯದು.

ಅವನಾದ ಮೇಲೆ ಸುಮಾರು 370 ವರ್ಷಕ್ಕೆ ರೋಮಿನ ಪ್ಲಿನಿ ಅದನ್ನೇ ಇನ್ನೊಂದು ರೀತಿ ಹೇಳಿದ. ಔಷಧದ ಆಸೆಗೆ ಬೇರೆ ಬೇರೆ ದೇಶದವರು ಈ ಗಿಡವನ್ನು ಮಣ್ಣಿನ ಗಡಿಗೆಯಲ್ಲಿ, ಬೇರಿಗೆ ಉಸಿರಾಡಲು ತೂತು ಬಿಟ್ಟು ಸಾಗಿಸಲು ನೋಡಿದರು, ಆದರೆ ಅದು ಪರದೇಶದಲ್ಲಿ ಹತ್ತಲಿಲ್ಲ ಅಂತ. ಬೇರಿಗೂ ಉಸಿರು ಬೇಕು ಅನ್ನೋದು ರೋಮಿನವರಿಗೆ ಗೊತ್ತಿತ್ತು. ನನಗೆ ಗೊತ್ತಾಗಲು ಎರಡು ಸಸಿ ಸಾಯಬೇಕಾಯಿತು.

ಮಾದಳ, ಈಳೆ, ಕಿತ್ತಳೆ: ನಮ್ಮ ಮನೆಯ ಮಾತು

ಇದೆಲ್ಲ ಪರದೇಶದ ಸುದ್ದಿ ಆಯಿತು, ನಮ್ಮಲ್ಲಿ ಏನಿತ್ತು ಅಂತ ಕೇಳಬಹುದು. ನಮ್ಮಲ್ಲಿ ಅದಕ್ಕಿಂತ ಹತ್ತಿರದ ನೆಂಟಸ್ತನ ಇತ್ತು.

ಕೊಲ್ಹಾಪುರದ ಮಹಾಲಕ್ಷ್ಮಿಗೆ ನಮ್ಮ ಕಡೆಯಿಂದ ಎಷ್ಟು ಮಂದಿ ಹೋಗಿಬರ್ತೀವಿ. ಆ ತಾಯಿಯ ಕೆಳಗಿನ ಬಲಗೈಯಲ್ಲಿ ಇರುವ ಹಣ್ಣು ಮಾತುಲಿಂಗ, ಅಂದರೆ ಮಾದಳ. ಅಣ್ಣಿಗೇರಿಯ ಅಮೃತೇಶ್ವರ ಗುಡಿ, ಕುಂದಗೋಳದ ಶಂಭುಲಿಂಗ ಗುಡಿ ಎದ್ದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 11ನೇ ಶತಮಾನ. ಆ ಕಾಲದ ಶೈವರು ಪೂಜಿಸಿದ ಲಕುಲೀಶನ ಮೂರ್ತಿಯ ಲಕ್ಷಣ ಏನು ಗೊತ್ತೇನ್ರಿ? ಒಂದು ಕೈಯಲ್ಲಿ ದಂಡ, ಇನ್ನೊಂದು ಕೈಯಲ್ಲಿ ಇದೇ ಮಾದಳ. ಸಂಸ್ಕೃತದಲ್ಲಿ ಮಾದಳಕ್ಕೆ ಬೀಜಪೂರ ಅಂತಲೂ ಹೆಸರು. ಬಿಜಾಪುರ ಅಲ್ರಿ, ಬೀಜದಿಂದ ತುಂಬಿದ್ದು ಅಂತ ಅರ್ಥ. ಬೀಜ ತುಂಬಿದ ಹಣ್ಣು ಅಂದರೆ ಸಂತಾನ, ಸಮೃದ್ಧಿ. ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ಭಾಷೆ ನೋಡ್ರಿ. ಹಳಗನ್ನಡದಲ್ಲಿ ಈ ಜಾತಿಯ ಹಣ್ಣಿಗೆ ಈಳೆ ಅಂತ ಹೆಸರು. ಕಿರಿದಾದ ಈಳೆ ಕಿತ್ತೀಳೆ ಆಗಿ, ಬಾಯಿಂದ ಬಾಯಿಗೆ ಕಿತ್ತಳೆ ಆಯಿತು. ಹಿರಿದಾದ ಈಳೆ ಪೇರೀಳೆ, ಹೇರಿಳೆ ಆಗಿ ಇವತ್ತಿನ ಹೇರಳೆಕಾಯಿ ಆಯಿತು. ಅಂದ್ರ ಕಿತ್ತಳೆ ಅನ್ನೋ ಹೆಸರಿನಾಗೇ ‘ಸಣ್ಣದು’ ಅನ್ನೋ ಮಾತು ಕೂತೈತಿ. ನಾವು ಈ ಕಡೆ ಸಂತ್ರಿ ಅಂತ ಕರೆದು ಕರೆದು ಅದನ್ನು ಮರೆತೀವಿ. ಇನ್ನೊಂದು ಕಡೆ ನಾರಂಗ ಅನ್ನೋ ನಮ್ಮ ದೇಶದ ಮಾತು ಪರ್ಷಿಯಾಕ್ಕೆ ಹೋಗಿ ನಾರಂಗ್, ಅರಬರಲ್ಲಿ ನಾರಂಜ್, ಸ್ಪೇನಿನಲ್ಲಿ ನಾರಾಂಹಾ, ಕೊನೆಗೆ ಇಂಗ್ಲಿಷಿನ ಆರೆಂಜ್ ಆಯಿತು. ಹಣ್ಣು ಹೋದ ದಾರಿಯಲ್ಲೇ ಹೆಸರೂ ಹೋಯಿತು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಅಲ್ಲಿನ ಮಾವು, ಅಡಿಕೆ, ಹಲಸಿನ ತೋಪುಗಳ ಜೊತೆ ಲಿಂಬಿ, ಕಿತ್ತಳೆ ಗಿಡಗಳೂ ಕಾಡಿನ ಹಾಗೆ ಒತ್ತೊತ್ತಾಗಿ ಬೆಳೆದಿದ್ದವು ಅಂತ ಬರೆದಿಟ್ಟಿದ್ದಾನೆ. ಹಂಪಿ ನಮಗೇನು ದೂರಲ್ಲ. ಆದರೆ ಅಲ್ಲಿನ ನೆಲ ಬೇರೆ. ಕಲ್ಲುಗುಡ್ಡ, ಕೆಂಪು ಮಣ್ಣು, ತುಂಗಭದ್ರೆಯ ಕಾಲುವೆ. ನೀರು ಬರ್ತದೆ, ಬಸಿದು ಹೋಗ್ತದೆ. ಮತ್ತೆ ಅದೇ ತೂತಿನ ಮಾತು.

ಯಾರ ಮಗ ಈ ಗಿಡ್ಡ ಗಿಡ?

2018ರಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ ಈ ಜಾತಿಯ ಗಿಡಗಳ ವಂಶಾವಳಿಯನ್ನು ಜೀನುಗಳಿಂದ ಬಿಡಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವುಗಳ ಮೂಲ ಮನೆ ಹಿಮಾಲಯದ ಆಗ್ನೇಯ ತಪ್ಪಲು: ಅಸ್ಸಾಮಿನ ಪೂರ್ವ ಭಾಗ, ಬರ್ಮಾದ ಉತ್ತರ, ಚೀನಾದ ಯುನ್ನಾನಿನ ಪಶ್ಚಿಮ. ಮಳೆ ಬಹಳ ಬೀಳ್ತದೆ, ಆದರೆ ಇಳಿಜಾರಿನಲ್ಲಿ ನಿಲ್ಲೋದಿಲ್ಲ. ಈ ಗಿಡಕ್ಕೆ ನೀರೂ ಬೇಕು, ನೀರು ನಿಂತರೂ ಆಗದು ಅನ್ನೋ ಸ್ವಭಾವ ತವರುಮನೆಯಿಂದ ಬಂದದ್ದು.

ಹಳೆಯ ಕುಲ ಮುಖ್ಯವಾಗಿ ಮೂರು: ಮಾದಳ, ಚಕ್ಕೋತ, ಮ್ಯಾಂಡರಿನ್ ಅನ್ನೋ ಸಡಿಲ ಸಿಪ್ಪೆಯ ಕಿತ್ತಳೆ. ಚಕ್ಕೋತ ಮತ್ತು ಮ್ಯಾಂಡರಿನ್ ಕೂಡಿ ಹುಳಿ ಕಿತ್ತಳೆ, ಸಿಹಿ ಕಿತ್ತಳೆ ಬಂದವು. ನಮ್ಮ ಕಾಗ್ಜಿ ಲಿಂಬಿ ಒಂದು ಕಾಡು ಜಾತಿಯ ಹೂವಿಗೆ ಮಾದಳದ ಪರಾಗ ಬಿದ್ದು ಹುಟ್ಟಿದ್ದು. ಅಂದರೆ ನಾವು ಗಾಡಿಗೆ ಕಟ್ಟೋ ಲಿಂಬಿಕಾಯಿಯ ಅಪ್ಪ, ಕೊಲ್ಹಾಪುರದ ತಾಯಿಯ ಕೈಯಲ್ಲಿರೋ ಹಣ್ಣು.

ನಮ್ಮ ಕಟ್ಟೆಯ ಕ್ಯಾಲಮಂಡಿನ್ ಬೇರೆ ಮನೆತನ. ಅದರ ಒಂದು ಕಡೆ ಮ್ಯಾಂಡರಿನ್, ಇನ್ನೊಂದು ಕಡೆ ಕುಮ್‌ಕ್ವಾಟ್ ಅನ್ನೋ ಚೀನಾದ ಪುಟ್ಟ ಹಣ್ಣು. ಗಿಡ್ಡಾಗಿ ಇರೋ ಗುಣ, ಸಿಪ್ಪೆಯ ಸಿಹಿ ಕುಮ್‌ಕ್ವಾಟಿನದು. ಚೀನಾದಲ್ಲಿ 1178ರಲ್ಲೇ ಹಾನ್ ಯಾನ್‌ಝಿ ಅನ್ನೋ ಅಧಿಕಾರಿ ವೆಂಝೌ ಸೀಮೆಯ 27 ಬಗೆಯ ಕಿತ್ತಳೆ ಜಾತಿಗಳ ಮೇಲೆ ಪುಸ್ತಕ ಬರೆದ. ಕಸಿ ಕಟ್ಟುವ ಮಾತೂ ಅದರಲ್ಲಿದೆ. ಫಿಲಿಪ್ಪೀನ್ಸಿನವರಿಗೆ ಕ್ಯಾಲಮಂಡಿನ್ ಅಲಂಕಾರದ ಗಿಡ ಅಲ್ಲವೇ ಅಲ್ಲ. ಅಲ್ಲಿ ಅದು ಕಲಮಾನ್ಸಿ, ನಮ್ಮ ಲಿಂಬಿಕಾಯಿ ಇದ್ದಂಗ, ದಿನಾ ಅಡಿಗೆಗೆ ಬೇಕು.

ಚೀನಾ, ಹಾಂಗ್‌ಕಾಂಗ್ ಕಡೆ ಹೊಸ ವರ್ಷಕ್ಕೆ ಹಣ್ಣು ತುಂಬಿದ ಇಂಥ ಕುಂಡವನ್ನು ಬಾಗಿಲ ಮುಂದೆ ಇಡ್ತಾರೆ. ಅದರ ಹೆಸರು ಅವರ ಭಾಷೆಯಲ್ಲಿ ಬಂಗಾರ, ಒಳ್ಳೇದಾಗಲಿ ಅನ್ನೋ ಹಾಗೆ ಕೇಳುತ್ತದೆ. ವಿಯೆಟ್ನಾಮಿನಲ್ಲೂ ‘ತೆತ್’ ಹಬ್ಬಕ್ಕೆ ಕುಮ್‌ಕ್ವಾಟ್ ಕುಂಡ ಬೇಕೇ ಬೇಕು. ಹನೋಯ್ ಪಕ್ಕದ ತು ಲಿಯೆನ್‌ದಲ್ಲಿ ರೈತರು ಇದನ್ನೇ ಬೆಳೆದು ಹಬ್ಬಕ್ಕೆ ಮಾರುತ್ತಾರೆ. ಕಾಕಾನಿಗೆ ನಾನು ಇದನ್ನು ಹೇಳಿದಾಗ, "ಹಂಗಾರ ಅಲ್ಲೂ ಒಕ್ಕಲತಾನದವರೇ ಬೆಳಿತಾರನು?" ಅಂತ ಸ್ವಲ್ಪ ಮೆತ್ತಗಾದರು. ಹಬ್ಬದ ದಿನಕ್ಕೇ ಹಣ್ಣು ಬರಬೇಕಂದರೆ ನೀರು, ಹೂವು, ಕಾಯಿ ಎಲ್ಲಕ್ಕೂ ಲೆಕ್ಕ ಬೇಕು. ನಮ್ಮ ಇಂಡಿ ಕಡೆಯ ಲಿಂಬಿ ಬೆಳೆಗಾರರಿಗೂ ಇದು ಗೊತ್ತು. ಬೇಸಗಿಯಲ್ಲಿ ರೇಟು ಇದ್ದಾಗ ಕಾಯಿ ಬರಲಿ ಅಂತ ಮಳೆಗಾಲದ ಕೊನೆಗೆ ಗಿಡವನ್ನು ಬಾಯಾರಿಸಿ, ಆಮೇಲೆ ನೀರು-ಗೊಬ್ಬರ ಕೊಟ್ಟು ಹೂವು ತರಿಸ್ತಾರೆ. ಹಸ್ತ ಬಹಾರ್ ಅನ್ನೋದು ಅದನ್ನೇ.

ರಾಜನ ಪೆಟ್ಟಿಗೆ

ಯುರೋಪಿನ ಚಳಿಗೆ ಕಿತ್ತಳೆ ಗಿಡ ತಾಳೋದಿಲ್ಲ. ಆದರೂ ಅಲ್ಲಿನ ಅರಸರಿಗೆ ಆಸೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ವರ್ಸೈ ಅರಮನೆಯಲ್ಲಿ 1684ರಿಂದ 1686ರ ನಡುವೆ ಕಿತ್ತಳೆ ಗಿಡಗಳಿಗೇ ಅಂತ ಒಂದು ಕಟ್ಟಡ ಕಟ್ಟಿಸಿದ. ಕಟ್ಟಿದವನು ಮಾನ್ಸಾರ್. ಗಿಡಗಳು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬೆಳೆದಿರುತ್ತವೆ. ಮೇ ತಿಂಗಳಲ್ಲಿ ಹೊರಗೆ ತರೋದು, ಅಕ್ಟೋಬರಿನಲ್ಲಿ ಒಳಗೆ ಒಯ್ಯೋದು. ಇವತ್ತಿಗೂ ಸಾವಿರಕ್ಕೂ ಹೆಚ್ಚು ಗಿಡ ಹಿಂಗೇ ಅದಾವು.

ಆ ಪೆಟ್ಟಿಗೆಯಲ್ಲೂ ಒಂದು ಜಾಣತನ ಇದೆ. ಅದರ ಬದಿಯ ಹಲಗೆ ಬಾಗಿಲಿನ ಹಾಗೆ ತೆಗೆಯಲು ಬರುತ್ತದೆ. ಗಿಡ ಕೀಳದೆ ಬೇರು ನೋಡಬಹುದು, ಹಳೆ ಮಣ್ಣು ತೆಗೆದು ಹೊಸದು ತುಂಬಬಹುದು. ಥಿಯೋಫ್ರಾಸ್ಟಸನ ಗಡಿಗೆಯಿಂದ ರಾಜನ ಪೆಟ್ಟಿಗೆಯ ತನಕ ಚಿಂತೆ ಒಂದೇ: ಬೇರು ಹೆಂಗೈತಿ? ಕುಮ್‌ಕ್ವಾಟ್ ಗಿಡವನ್ನು ರಾಬರ್ಟ್ ಫಾರ್ಚೂನ್ 1846ರಲ್ಲಿ ಚೀನಾದಿಂದ ಲಂಡನ್ನಿಗೆ ತಲುಪಿಸಿದ. ಚೀನಾದ ಚಹಾ ಗಿಡಗಳನ್ನು ಕದ್ದುಮುಚ್ಚಿ ನಮ್ಮ ಹಿಮಾಲಯದ ತಪ್ಪಲಿಗೆ ಸಾಗಿಸಿದವನೂ ಇವನೇ.

ಕುಂಡದ ಜೊತೆ ಬಂದ ಕೇಡು

ಇಲ್ಲಿಯವರೆಗೆ ಕುಂಡದ ಹೊಗಳಿಕೆ ಆಯಿತು. ಈಗ ಇನ್ನೊಂದು ಮುಖ. ಲಿಂಬಿ ತೋಟ ಮಾಡಬೇಕು ಅನ್ನೋ ಹುಡುಗರು ಈ ಪೇಜಿನಾಗ ಬಹಳ ಅದಾರು. ದಯವಿಟ್ಟು ಇದನ್ನು ಬಿಡದೆ ಓದ್ರಿ.

ಗಿಡ ಪ್ರವಾಸ ಮಾಡಿದಾಗ ರೋಗವೂ ಟಿಕೆಟ್ ಇಲ್ಲದೆ ಪ್ರವಾಸ ಮಾಡುತ್ತದೆ. ಲಿಂಬಿಯ ಎಲೆ, ಕಾಯಿ ಮೇಲೆ ಕಜ್ಜಿಯಂಥ ಚುಕ್ಕೆ ಬರುವ ಕ್ಯಾಂಕರ್ ರೋಗದ ಅತ್ಯಂತ ಹಳೆಯ ಗುರುತು ಎಲ್ಲಿದೆ ಗೊತ್ತೇನ್ರಿ? ಲಂಡನ್ನಿನ ಕ್ಯೂ ತೋಟದ ಒಣಗಿಸಿಟ್ಟ ಎಲೆಗಳ ಸಂಗ್ರಹದಲ್ಲಿ. ಆ ಎಲೆ 1827–1831ರ ನಡುವೆ ನಮ್ಮ ಭಾರತದಲ್ಲಿ ಕಿತ್ತ ಮಾದಳದ್ದು. ಅಮೆರಿಕದ ಫ್ಲೋರಿಡಾಕ್ಕೆ ಈ ರೋಗ 1910ರ ಸುಮಾರಿಗೆ ಜಪಾನಿನಿಂದ ತರಿಸಿದ ಸಸಿಗಳ ಜೊತೆ ಹೋಯಿತು. ಗಿಡ ಸುಟ್ಟು ಸುಟ್ಟು ಅದನ್ನು ಹತ್ತಿಕ್ಕಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

1930ರ ದಶಕದಲ್ಲಿ ದಕ್ಷಿಣ ಅಮೆರಿಕದಲ್ಲಿ ಹುಳಿ ಕಿತ್ತಳೆಯ ಬೇರಿನ ಮೇಲೆ ಕಸಿ ಕಟ್ಟಿದ ಗಿಡಗಳು ಲಕ್ಷಗಟ್ಟಲೆ ಸತ್ತವು. ಬ್ರೆಜಿಲಿನವರು ಅದಕ್ಕೆ ಟ್ರಿಸ್ಟೆಜಾ ಅಂತ ಹೆಸರಿಟ್ಟರು. ಪೋರ್ಚುಗೀಸ್ ಭಾಷೆಯಲ್ಲಿ ದುಃಖ ಅಂತ ಅರ್ಥ. ಆ ವೈರಸ್ಸನ್ನು ಹೇನು ಹರಡುತ್ತದೆ, ರೋಗದ ಗಿಡದ ಕಣ್ಣಿನಿಂದ ಕಟ್ಟಿದ ಕಸಿಯೂ ಹರಡುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಗ್ರೀನಿಂಗ್ ರೋಗದ್ದು. ಸಿಲ್ಲಾ ಅನ್ನೋ ಎಳ್ಳಿನಷ್ಟು ಕೀಟ ಇದನ್ನು ಹರಡುತ್ತದೆ ಅಂತ 1967ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಕೀಟ 1998ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿತು. ಅಲ್ಲಿ ಊರೂರಿಗೆ ಹರಡಿದ್ದರಲ್ಲಿ ದೊಡ್ಡ ಪಾಲು ಅಂಗಡಿಯಲ್ಲಿ ಮಾರುವ ಅಲಂಕಾರದ ಕುಂಡದ ಗಿಡಗಳದು. ನಾವು ಕಾಮಿನಿ ಅಂತ ಬೇಲಿಗೆ ಹಚ್ಚೋ ಗಿಡ ಐತಲ್ಲ, ಅದೇ. ಅದೂ ಲಿಂಬಿಯ ಕುಲದ್ದೇ. 2005ರಲ್ಲಿ ರೋಗವೂ ಕಾಣಿಸಿತು. 1997–98ರಲ್ಲಿ 24 ಕೋಟಿ 40 ಲಕ್ಷ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ 2023–24ರಲ್ಲಿ 1 ಕೋಟಿ 80 ಲಕ್ಷ ಪೆಟ್ಟಿಗೆಗೆ ಇಳಿಯಿತು. ಚಂಡಮಾರುತ, ಕ್ಯಾಂಕರ್ ಕೂಡ ಹೊಡೆತ ಕೊಟ್ಟವು, ಆದರೆ ನಡು ಮುರಿದದ್ದು ಗ್ರೀನಿಂಗ್.

ಅಷ್ಟು ದೂರ ಬೇಡ. ನಮ್ಮ ಕೊಡಗಿನ ಕಿತ್ತಳೆ ನೋಡ್ರಿ. ಕಾಫಿ ತೋಟದ ನಡುವೆ ತುಂಬಿಕೊಂಡಿದ್ದ ಗಿಡಗಳು ವೈರಸ್ಸು, ಗ್ರೀನಿಂಗ್, ಬೇರು ಕೊಳೆ, ಆರೈಕೆಯ ಕೊರತೆ ಎಲ್ಲ ಸೇರಿ ಕರಗುತ್ತ ಬಂದವು. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದ್ದಾರೆ. ಇವತ್ತು ಕೊಡಗಿನ ಕಿತ್ತಳೆಗೂ ಇಂಡಿ ಲಿಂಬಿಗೂ ಜಿಐ ಮಾನ್ಯತೆ ಇದೆ. ಆದ್ರ ಹೆಸರಿಗೆ ಸರ್ಟಿಫಿಕೇಟ್ ಸಿಕ್ಕಿತು ಅಂತ ಗಿಡಕ್ಕೆ ರೋಗ ಬರೋದು ಬಿಡೋದಿಲ್ಲ.

ಇಷ್ಟು ಓದಿದ ಮೇಲೆ ನಾನು ಮಾಡಿದ್ದು

ಕುಂಡ 14 ಇಂಚಿನದು, ಮಣ್ಣಿನದು. ತಳದಲ್ಲಿ ಒಂದೇ ತೂತು ಇತ್ತು, ಇನ್ನೆರಡು ಮಾಡಿಸಿದೆ. ತೂತಿನ ಮೇಲೆ ಹಂಚಿನ ಚೂರು ಬೋರಲು ಇಟ್ಟೆ, ಮಣ್ಣು ಸೋರದಂಗ, ನೀರು ನಿಲ್ಲದಂಗ. ಕುಂಡವನ್ನು ಎರಡು ಇಟ್ಟಂಗಿ ಮೇಲೆ ಕೂಡಿಸಿದೆ. ಯರಿ ಮಣ್ಣು ಒಂದು ಬೊಗಸೆಯೂ ಹಾಕಲಿಲ್ಲ. ಕಲಘಟಗಿ ಕಡೆಯಿಂದ ತಂದ ಮಸಾರಿ ಮಣ್ಣು ಒಂದು ಪಾಲು, ಕಳಿತ ತಿಪ್ಪಿ ಗೊಬ್ಬರ ಒಂದು ಪಾಲು, ದಪ್ಪ ಉಸುಕು ಒಂದು ಪಾಲು. ಬೆರಳು ಒಂದು ಗೆಣ್ಣು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ನಮ್ಮ ಬೋರಿನ ನೀರು ಸವಳು, ಅದಕ್ಕೆ ಮಳೆನೀರು ಹಿಡಿದಿಟ್ಟು ಹಾಕ್ತೀನಿ. ದಿನಕ್ಕೆ ಆರು ತಾಸು ಬಿಸಿಲು ಬೀಳೋ ಕಡೆ ಇಟ್ಟೀನಿ. ಎರಡು ವರ್ಷಕ್ಕೊಮ್ಮೆ ಹೊರಗೆ ತೆಗೆದು, ಸುತ್ತಿಕೊಂಡ ಬೇರು ಸವರಿ, ಹೊಸ ಮಣ್ಣು ತುಂಬಬೇಕು. ಫ್ರಾನ್ಸಿನ ರಾಜ ಹಲಗೆ ತೆಗೆಸಿ ಮಾಡಿಸಿದ್ದೂ ಇದನ್ನೇ.

ಎಲೆ ಹಳದಿಯಾದರೆ ಗಾಬರಿ ಬೇಡ, ನೋಡೋ ರೀತಿ ಇದೆ. ನಮ್ಮ ಸುಣ್ಣದಂಶದ ನೆಲ, ನೀರಿನಿಂದ ಕಬ್ಬಿಣ, ಸತುವು ಸಿಗದೆ ಹಳದಿಯಾದರೆ ಎಲೆಯ ನಡುನರದ ಎರಡೂ ಕಡೆ ಒಂದೇ ಥರ ಇರುತ್ತದೆ, ನರ ಹಸಿರಾಗಿ ಉಳಿಯುತ್ತದೆ. ಗ್ರೀನಿಂಗ್ ಆದರೆ ಎಡಕ್ಕೊಂದು ಥರ, ಬಲಕ್ಕೊಂದು ಥರ, ತೇಪೆ ಹಚ್ಚಿದಂಗ ಹಳದಿ. ಎರಡನೇದು ಕಂಡರೆ ಎಲೆ ತಗೊಂಡು ತೋಟಗಾರಿಕೆ ಇಲಾಖೆಗೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗ್ರಿ.

ಹೊಸ ಗಿಡ ತಂದರೆ ಒಂದೆರಡು ತಿಂಗಳು ಲಿಂಬಿ ತೋಟದಿಂದ ದೂರ ಇಡ್ರಿ. ಎಲೆಯ ತಳ ನೋಡ್ರಿ. ಹಿತ್ತಲದ ಕರಿಬೇವನ್ನೂ ನೋಡ್ರಿ. ಸಿಲ್ಲಾ ಕೀಟ ಕರಿಬೇವಿನ ಚಿಗುರಿನ ಮೇಲೂ ಬದುಕುತ್ತದೆ. ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತಿರುತ್ತದೆ, ಮರಿಗಳ ಮೈಯಿಂದ ಬಿಳೀ ಮೇಣದ ಎಳೆ ಬರ್ತಿರ್ತದೆ. ಎಕರೆಗಟ್ಟಲೆ ಹಚ್ಚೋರು ರಸ್ತೆ ಬದಿಯ ಗಾಡಿಯಿಂದ ಸಸಿ ತರಬ್ಯಾಡ್ರಿ. ತಾಯಿಗಿಡ ಯಾವುದು ಅಂತ ಹೇಳೋ ನರ್ಸರಿಯಿಂದಲೇ ತರ್ರಿ. ಹೊಲ ಯರಿ ಇದ್ದರೆ ಮೊದಲು ನೀರು ಬಸಿಯೋ ದಾರಿ ಮಾಡ್ರಿ, ಏರು ಮಡಿ ಮಾಡಿ ಅದರ ಮೇಲೆ ಹಚ್ಚ್ರಿ. ಮಣ್ಣು ಬಹಳ ಆಳ, ನೀರು ನಿಲ್ಲೋ ಹೊಲ ಅಂದ್ರ ಆಸೆ ಬಿಡ್ರಿ. ಹೊಲಕ್ಕೆ ಹತ್ತಿ, ಕಡ್ಲಿ, ಉಳ್ಳಾಗಡ್ಡಿ ಐತಿ. ಮನೆಗೆ ಬೇಕಾದ ಹುಳಿಗೆ ಒಂದು ಕುಂಡ ಸಾಕು.

ಅವ್ವನ ಗಿಡ

ಕೊನೆಯ ಮಾತು. ಅವ್ವ ತನ್ನ ಹಳೇ ಲಿಂಬಿಯ ಬೀಜದಿಂದ ಮಾಡಿದ ಒಂದು ಸಸಿಯನ್ನು ಬಹಳ ಹಿಂದೆ ಕಲಘಟಗಿ ತಾಲೂಕಿನ ತನ್ನ ತವರಿಗೆ ಕೊಟ್ಟಿದ್ದಳು. ಅಲ್ಲಿ ಮಸಾರಿ ನೆಲ, ಗಿಡ ಚಲೋ ಐತಿ. ಹೋದ ವರ್ಷ ಸೋದರಮಾವ ಒಂದು ಚೀಲ ಕಾಯಿ ಕಳಿಸಿದ್ದರು. ಅದರಾಗಿನ ನಾಲ್ಕು ಬೀಜ ಊರಿದೆ. ಒಂದೇ ಬೀಜದಿಂದ ಮೂರು ಮೊಳಕೆ ಬಂದವು. ಮೊದಲು ನನಗೆ ಆಶ್ಚರ್ಯ ಆಯಿತು. ಆಮೇಲೆ ಓದಿದರೆ, 1719ರಲ್ಲೇ ಹಾಲೆಂಡಿನ ಲೇವೆನ್‌ಹುಕ್ ಕಿತ್ತಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಮೊಳಕೆ ಇರೋದನ್ನು ಕಂಡಿದ್ದ. ಲಿಂಬಿಯಲ್ಲಿ ಇಂಥ ಮೊಳಕೆಗಳಲ್ಲಿ ಹೆಚ್ಚಿನವು ಪರಾಗದಿಂದ ಹುಟ್ಟಿದವಲ್ಲ, ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಅಂದರೆ ಗುಣದಲ್ಲಿ ತಾಯಿಗಿಡವೇ. ಟ್ರಿಸ್ಟೆಜಾದಂಥ ರೋಗ ಬೀಜದ ಮೂಲಕ ಬರೋದೂ ಇಲ್ಲ.

ಸೊರಗಿದ ಮೊಳಕೆ ತೆಗೆದು, ಗಟ್ಟಿಯಾದದ್ದನ್ನು ಇನ್ನೊಂದು ಕುಂಡದಲ್ಲಿ ಬೆಳೆಸೀನಿ. ಈಗ ಒಂದು ಗೇಣು ಆಗೇತಿ. 2019ರಲ್ಲಿ ನೀರಾಗ ಸತ್ತ ಗಿಡ ಒಂದು ಲೆಕ್ಕದಲ್ಲಿ ಮನೆಗೆ ತಿರುಗಿ ಬಂದಂಗ ಆಯ್ತು. ಬೀಜದ ಗಿಡ, ಕಾಯಿ ಬಿಡಲು ಐದಾರು ವರ್ಷ ಬೇಕು. ಅವ್ವನಿಗೆ ಈಗ 76. "ಅಷ್ಟೊತ್ತಿಗೆ ನಾ ಇರ್ತೀನೋ ಇಲ್ಲೋ, ಆ ಚೈನಾದ್ದು ಹುಳಿ ಕೊಡ್ತೈತಲ್ಲ, ಸದ್ಯ ಅದರ ಮ್ಯಾಲೇ ಸಾರು ನಡೀಲಿ" ಅಂತಾಳೆ. ಅಂದರೂ ದಿನಾ ಬೆಳಿಗ್ಗೆ ಮೊದಲು ಬೆರಳು ಊರಿ ನೋಡೋದು ಆ ಗೇಣುದ್ದದ ಕುಂಡದಾಗೇ.

ಕಾಕಾ ನಿನ್ನೆ ಬಂದು ಒಂದು ಒಡಕು ಗಡಗಿ ತೋರಿಸಿ, "ಇದು ನಡೀತೈತೇನೊ?" ಅಂತ ಕೇಳಿದರು. ತಳ ನೋಡಿದೆ, ಬಿರುಕು ಬಿಟ್ಟು ತೂತು ತಾನೇ ಆಗಿತ್ತು. ನಡೀತೈತಿ ಅಂದೆ.

ನಿಮ್ಮ ಊರಾಗ, ಹಿತ್ತಲದಾಗ ಹಳೇ ಮಾದಳ, ಕಂಚಿ, ಹೇರಳೆ, ಗಜಲಿಂಬಿ ಗಿಡ ಉಳಿದಿದ್ದರ ಫೋಟೋ ಹಾಕ್ರಿ. ಮಣ್ಣು ಎಂಥಾದ್ದು, ವಯಸ್ಸು ಎಷ್ಟು ಅಂತನೂ ಬರೀರಿ. ಅಂಥ ಗಿಡದ ಬೀಜ ಕೊಡೋರು ಇದ್ದರ ನಾನೇ ಬಂದು ತಗೊಂಡು ಹೋಗ್ತೀನಿ. ಮಳಿ ಬಿಟ್ಟರ ಮುಂದಿನ ವಾರ ಕಡ್ಲಿ ಬಿತ್ತನೆ ಮಾತಾಡೋಣು.